ಹುಳು ತಿಂದ ಎಲೆ

ಚೀನಾದ ಸೂಜೌ ನಗರದ ಹಳೆಯ ಓಣಿಯೊಂದರಲ್ಲಿ ಬೆಳಗಿನ ಐದಕ್ಕೇ ನೀರು ತೊಟ್ಟಿಕ್ಕುವ ಸದ್ದು. ತಿರುಗುವ ಪುಟ್ಟ ಚಕ್ರಕ್ಕೆ ಜೇಡ್ ಕಲ್ಲನ್ನು ಒಡ್ಡಿ ಗು ಯುನ್‌ಹ್ವಾ ಕೂತಿದ್ದಾರೆ. ವಯಸ್ಸು ಐವತ್ತೊಂಬತ್ತು. ಮೊಣಕೈವರೆಗೆ ಬಿಳಿ ರಾಡಿ, ನೆಂದು ಸುಕ್ಕಾದ ಬೆರಳುಗಳು. ಪಕ್ಕದಲ್ಲಿ ಸೋಯಾ ಹಾಲು ಆರಿಹೋಗಿದೆ.

ಈ ಕಲ್ಲಿಗೆ ಉಳಿ ಹತ್ತುವುದಿಲ್ಲ, ಉಜ್ಜಿ ಉಜ್ಜಿ ಸವೆಸಬೇಕು. ಒಂಬತ್ತು ಗಂಟೆ ಬೆನ್ನು ಬಗ್ಗಿಸಿದರೂ ಕೆತ್ತುವ ಎಲೆಯ ಎರಡು ನರ ಮೂಡಿದರೆ ಹೆಚ್ಚು. ಹೀಗೆ ನಲವತ್ತೊಂದು ವರ್ಷ. ಈ ಓಣಿಯವರು ಹಿಂದೆ ಅರಮನೆಗೂ ಕೆತ್ತಿಕೊಟ್ಟವರು. ಆ ಕೆತ್ತನೆ ಯಾವ ಅರಸನ ಕಾಲದ್ದೆಂದು ಸಂಗ್ರಹಕಾರರು ಥಟ್ಟನೆ ಹೇಳುತ್ತಾರೆ. ಕೆತ್ತಿದ್ದು ಯಾರೆಂದರೆ ತಲೆ ಕೆರೆದುಕೊಳ್ಳುತ್ತಾರೆ. ಯುನ್‌ಹ್ವಾ ಕೆತ್ತಿದ್ದಕ್ಕೂ ಬೀಳುವುದು ಕಾರ್ಯಾಗಾರದ ಯಜಮಾನರ ಮುದ್ರೆಯೇ. ಕೇಳಿದವರಿಗೆ ಸಿಟ್ಟು ಬರುತ್ತದೆ, ಆಕೆಗೆ ಅದಕ್ಕೂ ಪುರುಸೊತ್ತಿಲ್ಲ.

“ಕಣ್ಣು ಮಂಜಾಗಿದೆ. ಅರ್ಧ ಕೆಲಸ ಹೆಬ್ಬೆರಳೇ ನೋಡ್ಕೊಳ್ಳುತ್ತೆ,” ಎನ್ನುತ್ತಾರೆ. ಇದು ಯಜಮಾನರಿಗೂ ಗೊತ್ತು. ಒಂದು ಕಲ್ಲು ಕೆಟ್ಟರೆ ಆಕೆಯನ್ನು ಮನೆಗೆ ಕಳಿಸಲು ಕಾಯುತ್ತಿದ್ದಾರೆ.

ಕೆಡಬಹುದಾದ ಅಂಥ ಕಲ್ಲು ಈಗ ಕೈಯಲ್ಲೇ ಇದೆ. ಹೊಳೆಯಲ್ಲಿ ಸಿಕ್ಕ, ಹೊರಗೆ ಕಂದು ಸಿಪ್ಪೆ ಕಟ್ಟಿದ ಹೊಳೆಗಲ್ಲು. ಸಿಪ್ಪೆ ಇದ್ದರೇ ಅಸಲಿ ಹೊಳೆಗಲ್ಲೆಂಬ ನಂಬಿಕೆ, ಹಾಗಾಗಿ ಕಲ್ಲು ಕೊಂಡು ಕೆತ್ತಲು ಕೊಟ್ಟ ಚಿಯೆನ್ ಅವರು ಅದನ್ನು ಮುಟ್ಟಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಸಿಪ್ಪೆಯಡಿ ಕೂದಲೆಳೆಯಷ್ಟು ಬಿರುಕು ಯುನ್‌ಹ್ವಾ ಹೆಬ್ಬೆರಳಿಗೆ ಸಿಕ್ಕಿತು. ಬಿಟ್ಟರೆ ಒಂದು ದಿನ ಕಲ್ಲು ಎರಡಾಗುತ್ತದೆ. ಹನ್ನೊಂದು ದಿನ ಆಕೆ ಚಕ್ರ ಮುಟ್ಟಲಿಲ್ಲ. ಆಮೇಲೆ ಕಂದು ಸಿಪ್ಪೆಯನ್ನೇ ಒಣಗಿದ ತಾವರೆ ಎಲೆ ಮಾಡಿ, ಬಿರುಕಿದ್ದಷ್ಟನ್ನೂ ತೂತಾಗಿ ಕೊರೆದು ತೆಗೆದರು.

ಇವತ್ತು ಎಂಟಕ್ಕೆ ಚಿಯೆನ್ ಬಂದಿದ್ದಾರೆ. ನೋಡಿದ್ದೇ ಮುಖ ಕೆಂಪಾಗಿದೆ.

“ಯಾರನ್ನ ಕೇಳಿ ಸಿಪ್ಪೆ ಕೊರೆದ್ರಿ?”

“ಬಯ್ಯೋದಿದ್ರೆ ಆಮೇಲೆ ಬಯ್ಯಿ ಅಣ್ಣ. ಮೊದ್ಲು ಕಣ್ಮುಚ್ಕೊಂಡು ಸವರಿ.”

ಚಿಯೆನ್ ಹೆಬ್ಬೆರಳು ಎಲೆಯ ಮೇಲೆ ಜಾರುತ್ತ ಹೋಗಿ ತೂತಿನಲ್ಲಿ ಕೂರುತ್ತದೆ, ಅಲ್ಲಿಂದ ಏಳುವುದಿಲ್ಲ.

“ಒಳಗೆ ಬಿರುಕಿತ್ತು,” ಎನ್ನುತ್ತಾರೆ ಯುನ್‌ಹ್ವಾ.

“ಈಗೆಲ್ಲಿ?”

“ಹುಳ ತಿಂತು.”

ಚಿಯೆನ್ ನಕ್ಕುಬಿಡುತ್ತಾರೆ. ಮುಂದಿನ ಕಲ್ಲೂ ಈಕೆಗೇ ಕೊಡಬೇಕೆಂದು ಯಜಮಾನರಿಗೆ ಹೇಳಿ ಹೋಗುತ್ತಾರೆ. ಕೆಲಸ ಉಳಿಯಿತು. ಯುನ್‌ಹ್ವಾ ನಗುವುದಿಲ್ಲ, ಸೊಂಟ ಹಿಡಿದುಕೊಂಡು ನಿಧಾನಕ್ಕೆ ಏಳುತ್ತಾರೆ.

ಇನ್ನೇನಾಸೆ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತಾರೆ. “ಹೆಸ್ರು ಗಿಸ್ರು ಬೇಡ. ಕೊಂಡೋರು ಇದನ್ನ ಪೆಟ್ಟಿಗೇಲಿ ಬೀಗ ಹಾಕಿಡದೆ ದಿನಾ ಕೈಯಲ್ಲಿ ಹಿಡ್ಕೊಂಡ್ರೆ ಸಾಕು. ಆ ತೂತು ನನ್ ಹೆಬ್ಬೆರಳಿನ ಅಳತೇದು.”