ನೆಟ್ಟಗೆ ನಿಂತ ಟ್ರಕ್ಕು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೀಟು ಹೊಲಿಯುವ ಅಂಗಡಿ ಇರುವುದು ಒಂದೇ. ಅದನ್ನು ನಡೆಸುವವಳನ್ನು ಬೀದಿಯವರೆಲ್ಲ ಸೀಟಕ್ಕ ಎನ್ನುತ್ತಾರೆ. ಐವತ್ತು ದಾಟಿದ, ದಪ್ಪ ಮೈಯ, ಅದಕ್ಕಿಂತ ದಪ್ಪ ದನಿಯ ಹೆಂಗಸು. ಗಿರಾಕಿ ಬಂದರೆ ಮೊದಲು ಗಾಡಿ ನೋಡುವುದಿಲ್ಲ, ಅವನ ಬೆನ್ನು ನೋಡುತ್ತಾಳೆ. ಸೊಂಟ ಯಾವ ಕಡೆ ವಾಲುತ್ತದೆ, ಹೆಗಲು ಎಷ್ಟು ಬಾಗಿದೆ ಎಂದು ಕಂಡುಕೊಂಡು ಅದಕ್ಕೆ ತಕ್ಕಂತೆ ಸ್ಪಂಜು ಕತ್ತರಿಸುತ್ತಾಳೆ. ಹೀಗೆ ಊರಿನ ಅರ್ಧ ಡ್ರೈವರುಗಳನ್ನು ದೂರದ ದಾರಿಗೆ ಹಾಯಾಗಿ ಕೂರಿಸಿ ಕಳಿಸಿದವಳು, ತಾನು ಮಾತ್ರ ಪೇಟೆಯ ಸುಂಕದ ಗೇಟು ದಾಟಿ ಹೋದದ್ದು ಮದುವೆ ಮತ್ತು ಸಾವುಗಳಿಗಷ್ಟೇ.

ಅವಳ ಅಪ್ಪನ ಬಳಿ ನಾಲ್ಕೂ ಚಕ್ರ ಎಳೆಯುವ ಟ್ರಕ್ಕು ಇತ್ತು. ಬೆಟ್ಟದ ಮೇಲೆ ಸರ್ವೆ ಮಾಡುವವರ ಡೇರೆಗೆ ಸಾಮಾನು ಸಾಗಿಸುವುದು ಅವನ ಕೆಲಸ. ಶಾಲೆಗೆ ರಜೆ ಬಂದಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಮಗಳು ಕೇಳಿದರೆ, “ಆ ದಾರಿ ನಿಂಗೆ ಆಗಲ್ಲ ಪುಟ್ಟಿ, ಮುಂದಿನ ವರ್ಷ ನೋಡೋಣ” ಎನ್ನುತ್ತಿದ್ದ. ತಮ್ಮ ವಾಪಸು ಬಂದು ಕಣಿವೆ, ಮಂಜು, ಕಲ್ಲಿನ ಮೇಲೆ ಹತ್ತಿದ ಚಕ್ರ ಎಂದೆಲ್ಲ ಕೈ ಬೀಸಿ ಹೇಳುವುದನ್ನು ಅವಳು ಬಾಯಿ ಬಿಡದೆ ಕೇಳುತ್ತಿದ್ದಳು. ಅಪ್ಪ ತೀರಿಹೋದ ಮೇಲೆ ಟ್ರಕ್ಕು ಅವಳ ಅಂಗಡಿಯ ಹಿಂದಿನ ಶೆಡ್ಡಿಗೆ ಬಂತು. ಟೈರು ಕುಸಿದು, ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿ, ಹಾಗೇ ನಿಂತಿತ್ತು.

ತಮ್ಮ ಮೆಕ್ಯಾನಿಕ್ ಆಗಿದ್ದ, ಊರಿನ ಇನ್ನೊಂದು ಕೊನೆಯಲ್ಲಿ ಗ್ಯಾರೇಜು ಇಟ್ಟಿದ್ದ. ಒಂದು ದಿನ ಬಂದು ಟ್ರಕ್ಕಿನ ಬಾಗಿಲು ತಟ್ಟಿ ಹೇಳಿದ.

“ಅಕ್ಕಾ, ಹಳೇ ಗಾಡಿ ಇಟ್ಟುಕೊಂಡವರು ಬೆಟ್ಟದ ಆ ದಾರೀಲಿ ಸಾಲಾಗಿ ಹೋಗ್ತಾರಂತೆ. ಅಪ್ಪನ ಗಾಡಿ ಎಬ್ಬಿಸೋಣವಾ?”

“ಎಬ್ಬಿಸಿ?”

“ಇಬ್ಬರೂ ಹೋಗೋಣ. ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತು ಬೈತಿರು.”

ಅವಳು ನಗಲಿಲ್ಲ. ಆ ಸಂಜೆಯೇ ಇಲಿಗಳ ಸಂಸಾರವನ್ನು ಎತ್ತಂಗಡಿ ಮಾಡಿದಳು.

ಕೆಲಸ ತಿಂಗಳುಗಟ್ಟಲೆ ನಡೆಯಿತು. ತಮ್ಮ ಎಂಜಿನ್ನು ಬಿಚ್ಚಿದ, ಕ್ಲಚ್ಚು ಬದಲಿಸಿದ, ತುಕ್ಕು ಹಿಡಿದ ಬ್ರೇಕ್ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಕಲ್ಲು ಬಡಿಯದಂತೆ ಡೀಸೆಲ್ ಟ್ಯಾಂಕಿನ ಕೆಳಗೆ ಕಬ್ಬಿಣದ ಹಲಗೆ ಬಂತು; ಕೆಸರಿನಲ್ಲಿ ಹೂತರೆ ತನ್ನನ್ನು ತಾನೇ ಎಳೆದುಕೊಳ್ಳಲು ಬಂಪರಿಗೆ ತಂತಿಯ ರಾಟೆ ಬಂತು. ಅಕ್ಕ ತಂತಿಬ್ರಷ್ಷು ಹಿಡಿದು ಚಾಸಿಯ ಕೆಳಗೆ ಮಲಗಿ ತುಕ್ಕು ಉಜ್ಜಿದಳು, ಎರಡು ಸಲ ಬಣ್ಣ ಹೊಡೆದಳು, ಎರಡು ಸೀಟು ಹೊಲಿದಳು. ಒಂದು ಅವನ ಬೆನ್ನಿಗೆ, ಒಂದು ತನ್ನದಕ್ಕೆ. ಬೇರೆಯವರಿಗೆ ಹೊಲಿದು ಹೊಲಿದು ತನ್ನ ಬೆನ್ನಿನ ಅಳತೆಯೇ ಅವಳಿಗೆ ಗೊತ್ತಿರಲಿಲ್ಲ. ಗಂಡನ ಕೈಗೆ ಟೇಪು ಕೊಟ್ಟು ಅಳೆಸಿಕೊಂಡಳು.

ಗಂಡ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಕಡ್ಡಿಯಂಥ ಆಳು, ಮಾತು ಮಾತ್ರ ಉದ್ದ. “ಟೇಪು ಸಾಲಲ್ಲ ಕಣೇ, ಹಗ್ಗ ತರ್ಲಾ?” ಎಂದ. ಅದಕ್ಕೂ ಅವಳು ನಕ್ಕಳು. ಆ ದಿನಗಳಲ್ಲಿ ಅವಳು ಎಲ್ಲದಕ್ಕೂ ನಗುತ್ತಿದ್ದಳು.

ಕೊನೆಯ ಕೆಲಸಗಳಿಗೆಂದು ತಮ್ಮ ಟ್ರಕ್ಕನ್ನು ತನ್ನ ಗ್ಯಾರೇಜಿಗೆ ಒಯ್ದ. ಸ್ಪ್ರಿಂಗ್ ಕೂರಿಸುವ ದಿನ ಅಕ್ಕನನ್ನು ಕರೆಸಿದ. ಅಪ್ಪನ ಕಾಲದಿಂದ ಅವರ ಮನೆಯ ಪದ್ಧತಿ ಅದು. ಖಾಲಿ ಗಾಡಿಯನ್ನು ಮಟ್ಟ ನೋಡಬಾರದು. ಹೋಗುವವರು ತಂತಮ್ಮ ಜಾಗದಲ್ಲಿ ಕೂತ ಮೇಲೆ ನೋಡಬೇಕು. ಅವಳು ಕೂತಳು. ಟ್ರಕ್ಕು ಎಡಕ್ಕೆ ವಾಲಿತು.

“ಅಕ್ಕಾ, ಉಸಿರು ಬಿಗಿ ಹಿಡಿ, ಹಗುರ ಆಗ್ತೀಯಾ.”

“ನಿನ್ನ ನಾಲಿಗೆ ಬಿಗಿ ಹಿಡಿಯೋ ಮುಂಡೇದೆ. ಹಾಕು ಇನ್ನೊಂದು ಪಟ್ಟಿ.”

ಎಡಗಡೆಯ ಸ್ಪ್ರಿಂಗಿಗೆ ಒಂದು ಉಕ್ಕಿನ ಪಟ್ಟಿ ಹೆಚ್ಚು ಬಿತ್ತು. ಅಕ್ಕ ತಮ್ಮ ಇಬ್ಬರೂ ಕೂತರೆ ಟ್ರಕ್ಕು ನೆಟ್ಟಗೆ. ಇಳಿದರೆ ಎಡಭಾಗ ಎರಡು ಬೆರಳು ಮೇಲೆ. ಅದನ್ನು ನೋಡಿಕೊಂಡೇ ಅವಳು ಮನೆಗೆ ಹೋದಳು.

ಹೊರಡುವ ವಾರ, ಟ್ರಕ್ಕಿಗೆ ಹೊದಿಸುವ ಹೊಸ ಕ್ಯಾನ್ವಾಸ್ ಹುಡ್ಡನ್ನು ಹೆಗಲ ಮೇಲೆ ಹೊತ್ತು ಗ್ಯಾರೇಜಿಗೆ ಬಂದಳು. ತಮ್ಮ ಚಹಾಕ್ಕೆ ಹೋಗಿದ್ದ. ಬಾಗಿಲಲ್ಲೇ ಅವಳ ಕಾಲುಗಳು ನಿಂತವು. ಖಾಲಿ ಟ್ರಕ್ಕು ನೆಟ್ಟಗೆ ನಿಂತಿತ್ತು.

ನೆಲ ಓರೆಯಿರಬಹುದು ಎಂದುಕೊಂಡಳು. ಟೈರಿನಲ್ಲಿ ಗಾಳಿ ಇಳಿದಿರಬಹುದು ಎಂದು ಅದನ್ನೂ ನೋಡಿದಳು. ಆಮೇಲೆ ಮಂಡಿ ಊರಿ ಬಗ್ಗಿ ಎಡಗಡೆಯ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದಳು. ಒಂದು ಇರಲಿಲ್ಲ. ಬೋಲ್ಟುಗಳ ಮೇಲಿನ ಎಣ್ಣೆ ಇನ್ನೂ ಹಸಿ.

ತಮ್ಮ ಸುಳ್ಳು ಹೇಳಬಲ್ಲ, ಅದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಗಾಡಿಯನ್ನು ಓರೆಯಾಗಿ ರಸ್ತೆಗೆ ಬಿಡುವುದು ಮಾತ್ರ ಅವನ ಕೈಯಲ್ಲಾಗದು. ಇನ್ನು ಕೆಲವು ದಿನ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಸೀಟಿನಲ್ಲಿ ಹಗುರದವರು ಕೂರುತ್ತಾರೆಂದು ಗೊತ್ತಿದ್ದೂ ಹೆಚ್ಚಿನ ಪಟ್ಟಿಯನ್ನು ಹಾಗೇ ಬಿಡಲು ಅವನಿಗೆ ಮನಸ್ಸು ಒಪ್ಪಿರಲಿಲ್ಲ.

ಅವನು ಬಂದಾಗ ಅವಳು ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದಳು.

“ಯಾರನ್ನ ಕೂರಿಸಿ ಮಟ್ಟ ನೋಡಿದೆ?”

“ಅಕ್ಕಾ, ಅದು... ಟೆಸ್ಟಿಗೆ ಅಂತ...”

“ಯಾರನ್ನ ಅಂದೆ.”

ಅವನು ನೆಲ ನೋಡಿದ. “ಭಾವನ್ನ.”

ಆಚೆ ಬೀದಿಯಲ್ಲಿ ಯಾರೋ ಹಾರನ್ನು ಒತ್ತುತ್ತಲೇ ಇದ್ದರು. ಅವಳು ಅದು ನಿಲ್ಲುವವರೆಗೆ ಕಾದಳು.

“ಅವರೇ ಬಂದು ಕೂತರಾ?”

“ಅವರೇ ಅಕ್ಕಾ, ನಾನು ಬೇಡ ಅಂದೆ. ಎಲ್ಲ ಗಂಡಸರ ಗುಂಪು, ಇವಳು ಅಲ್ಲಿ ಏನು ಮಾಡ್ತಾಳೆ ಅಂದ್ರು. ಹೆಂಡತಿ ಬೆಟ್ಟ ಹತ್ತಿದಳು, ಗಂಡ ಮನೇಲಿ ಒಲೆ ಕಾದ ಅಂತ ಆಫೀಸಲ್ಲಿ ಈಗಲೇ ಆಡ್ಕೋತಾರಂತೆ. ಹೊರಡೋ ದಿನ ಗೇರ್‌ಬಾಕ್ಸ್ ಕೈಕೊಡ್ತು, ಟ್ರಿಪ್ಪು ರದ್ದು ಅಂತ ನಿಂಗೆ ಹೇಳೋದು...”

“ಆಮೇಲೆ?”

“ಮುಂದಿನ ವರ್ಷ ನೀನು...”

“ಅಪ್ಪನೂ ಹಾಗೇ ಅಂತಿದ್ದ. ಅಪ್ಪ ಸುಳ್ಳು ಹೇಳಿ ಕೆಲಸ ಮಾಡಿಸ್ಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ.” ಅವಳು ಹುಡ್ಡನ್ನು ಬಿಡಿಸಿದಳು. “ಆ ಕೊನೆ ಹಿಡಿ. ನಂಗೆ ಗೊತ್ತಾಯ್ತು ಅಂತ ನಿನ್ನ ಭಾವನಿಗೆ ಹೇಳಬೇಡ. ಅವರೇ ಹೇಳಲಿ.”

ಹುಡ್ಡು ಕಟ್ಟಿದಳು. ಒಂದು ಗಂಟನ್ನೂ ಸಡಿಲ ಬಿಡಲಿಲ್ಲ. ಬಿಡಬೇಕೆಂದು ಬೆರಳಿಗೆ ಬಂದಿತ್ತು, ಆದರೆ ಆಗಲಿಲ್ಲ. ತಾನೂ ಆ ಅಪ್ಪನ ಮಗಳೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮನೆಯಲ್ಲಿ ಗಂಡ ಎಂದಿನಂತೆ ಉಂಡ, ಎಂದಿನಂತೆ ಮಾತಾಡಿದ. ಅವಳು ಅವನಿಗೆ ಹೇಳಲು ಜಾಗ ಮಾಡಿಕೊಟ್ಟಳು. “ಬೆಟ್ಟದಲ್ಲಿ ಚಳಿ ಇರುತ್ತಾ?” ಎಂದು ಕೇಳಿದಳು. “ಸ್ವೆಟರು ಇಟ್ಕೋ” ಎಂದ. “ನಾನು ಹೋದರೆ ನಿಮಗೆ ಬೇಜಾರಾ?” ಎಂದಳು. “ಛೇ, ಹೋಗಿ ಬಾ, ಜೀವನದಲ್ಲಿ ಒಂದು ಸಲ” ಎಂದ. ಎರಡು ಸಲ ಬಡಿಸಿಕೊಂಡು ತಿಂದ. ಮರುದಿನ, ಕಚೇರಿಯ ಕೆಲಸದ ಮೇಲೆ ತಾನೂ ಪರವೂರಿಗೆ ಹೋಗಬೇಕಾಗಬಹುದು ಎಂದು ಹೇಳಿ ಹಾಸಿಗೆಯ ಮೇಲೆ ಚೀಲ ತೆರೆದಿಟ್ಟ. ತಮ್ಮನದು ಹೆದರಿಕೆಯ ಸುಳ್ಳು. ಇದು ಹೊಟ್ಟೆ ತುಂಬ ಉಂಡು ಹೇಳುವ ಸುಳ್ಳು. ಮೊದಲನೆಯದಕ್ಕೆ ಅವಳಿಗೆ ಕೋಪ ಬಂದಿತ್ತು. ಎರಡನೆಯದಕ್ಕೆ ಕೋಪವೂ ಬರಲಿಲ್ಲ. ಇಷ್ಟು ವರ್ಷ ಯಾರ ಜೊತೆ ಇದ್ದೆ ಎಂಬ ಪ್ರಶ್ನೆ ಬಂತು. ಅದಕ್ಕೆ ಉತ್ತರ ಎದುರಿಗೇ ಕೂತು ಸಾಕ್ಸು ಮಡಚುತ್ತಿತ್ತು.

ಹೊರಡುವ ಬೆಳಿಗ್ಗೆ, ಗೇರ್‌ಬಾಕ್ಸ್ ಕೈಕೊಟ್ಟಿತೆಂದು ತಮ್ಮ ಹೇಳಿಕಳಿಸಿದ ಮೇಲೆ, ಗಂಡ ಚಪ್ಪಲಿಗೆ ಕಾಲು ಹಾಕುವಾಗ ಅವಳು ಒಂದು ದಿಂಬು ತಂದು ಚೀಲದ ಮೇಲಿಟ್ಟಳು.

“ಇದ್ಯಾಕೆ?”

“ಎಡಗಡೆ ಸೀಟು ನನ್ನ ಅಳತೆಗೆ ಹೊಲಿದದ್ದು. ನಿಮಗೆ ಸಡಿಲ ಆಗುತ್ತೆ, ಸೊಂಟ ಹಿಡ್ಕೊಳ್ಳುತ್ತೆ.”

“ಕೇಳಿಲ್ಲಿ, ನಾನು...” ಎಂದು ಶುರುಮಾಡಿದ. “ಗುಂಪು ಕಾಯ್ತಿರುತ್ತೆ, ಹೊರಡಿ” ಎಂದಳು. ಅವನು ಚೀಲ ಎತ್ತಿಕೊಂಡ. ಆಮೇಲೆ ಹೋದ. ಹೋಗದೆ ಉಳಿದಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೂ ಗೊತ್ತಿಲ್ಲ. ಅವನು ದಿಂಬನ್ನೂ ಮರೆಯದೆ ಒಯ್ದ.

ಅವರು ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಅವಳು ಶೆಡ್ಡನ್ನು ತೊಳೆದು, ಕ್ಯಾನ್ವಾಸಿನ ಸುರುಳಿಗಳನ್ನು ಗೋಡೆಗೆ ಜೋಡಿಸಿ, ನಡುವೆ ಉದ್ದನೆಯ ಕತ್ತರಿಸುವ ಮೇಜು ಹಾಕಿಸಿದಳು. ಗಂಡನ ಹಾಸಿಗೆ ಮುಂದಿನ ಕೋಣೆಗೆ ಹೋಯಿತು. ಕೆಸರು ಬಳಿದ ಟ್ರಕ್ಕನ್ನು ತಂದು ತಮ್ಮ ಶೆಡ್ಡಿನ ಬಾಗಿಲು ತೆರೆದವನು ಹಾಗೇ ನಿಂತುಬಿಟ್ಟ.

“ಅಕ್ಕಾ, ಗಾಡಿ ಎಲ್ಲಿ ನಿಲ್ಲಿಸಲಿ?”

“ಗಿರಾಕಿಗಳ ಗಾಡಿ ಬೀದಿಯಲ್ಲೇ ನಿಲ್ಲೋದು.”

“ನಾನು ಗಿರಾಕಿನಾ?”

ಅವಳು ಕ್ಯಾನ್ವಾಸಿಗೆ ಕತ್ತರಿ ಹಾಕಿದಳು. ಅವನು ಬೆಟ್ಟದ ಬಗ್ಗೆ ಏನೋ ಹೇಳಹೊರಟವನು ಕೀಲಿ ತಿರುಗಿಸಿ ಹೋದ. ಟ್ರಕ್ಕು ಈಗ ಅವನ ಗ್ಯಾರೇಜಿನ ಮುಂದೆ ನಿಲ್ಲುತ್ತದೆ. ಆ ಕಡೆ ಕೆಲಸ ಬಿದ್ದರೆ ಸೀಟಕ್ಕ ಗ್ಯಾರೇಜಿನ ಹಿಂದಿನ ಬೀದಿ ಹಿಡಿಯುತ್ತಾಳೆ, ಸುತ್ತಾದರೂ ಸರಿ.