ಹೊಲಕ್ಕ ನೀರಿಲ್ಲ ಅಂತ ಮೊದಲ ಹೇಳಬೇಕು

ಮೂಡಲಗಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಾಗ ಒಂದು ಮಧ್ಯಾಹ್ನ ಲಿನಕ್ಸ್ ಕಂಪ್ಯೂಟರಿನಿಂದ ಬೇಡವಾದ ಆಟವೊಂದನ್ನು ತೆಗೆಯಲು ಹೋದೆ. ಸಾಫ್ಟ್‌ವೇರ್ ಹಾಕಿ ತೆಗೆಯುವ ಪ್ರೋಗ್ರಾಮು ಪರದೆ ತುಂಬ ಹೆಸರುಗಳ ಯಾದಿ ತೋರಿಸಿ, ಇವನ್ನೆಲ್ಲ ತೆಗೆಯಲೇ ಎಂದು ಕೇಳಿತು. ಅಷ್ಟನ್ನು ಯಾರು ಓದುತ್ತಾರೆ, ಹೌದು ಅಂದೆ. ಆಟದ ಜೊತೆ ಐಕಾನು, ಮೆನು, ಮೌಸಿನ ಬಾಣ ಎಲ್ಲ ಹೋಗಿ ಕಪ್ಪು ಪರದೆ ಉಳಿಯಿತು. ಮರುದಿನ ಹುಡುಗರ ಪರೀಕ್ಷೆ ಅದೇ ಕಂಪ್ಯೂಟರಿನಲ್ಲಿ.

ಬಾಜೂ ಪಂಪ್ ರಿಪೇರಿ ಅಂಗಡಿಯ ದಸ್ತಗೀರ ಕಾಕಾ ಇಣುಕಿದರು. ಆದದ್ದನ್ನು ಹೇಳಿದೆ.

“ನಿಮ್ಮ ತಪ್ಪಲ್ರಿ ಸರ. ಪಂಪ್ ಬಿಚ್ಚೂದಕ್ಕಿಂತ ಮೊದಲ ನಾ ಗಿರಾಕಿಗೆ ನಟ್ಟು-ಬೋಲ್ಟಿನ ಯಾದಿ ಓದಂಗಿಲ್ಲ. ‘ಇದನ್ನ ಬಿಚ್ಚಿದ್ರ ಇವತ್ತ ಹೊಲಕ್ಕ ನೀರಿಲ್ಲ’ ಅಂತೇನಿ. ಅಷ್ಟ ಸಾಕು.”

ಸಂಜೆತನಕ ಎಲ್ಲ ಮತ್ತೆ ಹಾಕಿದೆ. ಆಮೇಲೆ ಕಾಕಾರ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ, ಆ ಪ್ರೋಗ್ರಾಮು ಬರೆದವರಿಗೆ ನನ್ನ ಹೆಸರಿನಲ್ಲಿ ಮೇಲ್ ಕಳಿಸಿದೆ. ಉತ್ತರ ಬರಲಿಲ್ಲ. ಆದರೆ ಹೊಸ ಆವೃತ್ತಿಯ ಸಿಡಿ ಬಂದಾಗ ಯಾದಿಯ ಮೇಲೊಂದು ಸಾಲಿತ್ತು: ಇದನ್ನು ತೆಗೆದರೆ ಮೆನು, ಐಕಾನು ಇರುವುದಿಲ್ಲ. ಕಾಕಾರನ್ನು ಕರೆತಂದು ಓದಿ ಹೇಳಿದೆ.

“ಚಲೋ ಆತು,” ಅಂದರು. “ನೀರು ಮತ್ತ ಯಾವಾಗ ಬರ್ತೈತಿ ಅಂತ ಹೇಳಿಲ್ಲಲ್ರಿ?”

ಎರಡನೇ ಮೇಲ್ ಬರೆಯಲು ಕುಳಿತೆ. ಈ ಸಲ ಕೊನೆಗೆ ನನ್ನ ಹೆಸರಿಗಿಂತ ಮೇಲೆ ಕಾಕಾರ ಹೆಸರು ಹಾಕಿದೆ.