ಸರದಿಗೆ ಕಾದಿರುವ ಗಂಗಹನುಮಯ್ಯ

ನೆಲಮಂಗಲದ ಗೋದಾಮಿನ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುವ ಗಂಗಹನುಮಯ್ಯನವರ ಫೋನು ಎರಡನೆಯ ಸಲ ರಿಂಗಾದದ್ದನ್ನು ಯಾರೂ ಕೇಳಿಲ್ಲ, ಮೊದಲನೆಯದಕ್ಕೇ ಎತ್ತಿಬಿಡುತ್ತಾರೆ. ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತ, ಸತ್ತವರಿಂದ ದಾನವಾಗಿ ಬರುವ ಕಿಡ್ನಿಗೆಂದು ಹೆಸರು ಬರೆಸಿ ನಾಲ್ಕು ವರ್ಷವಾಯಿತು. ಸರದಿ ಬಂದರೆ ಆಸ್ಪತ್ರೆಯವರು ಫೋನ್ ಮಾಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಬೇರೆ ಯಾರ ಫೋನೂ ಬರುವುದಿಲ್ಲವಾದ್ದರಿಂದ, ಸಾಲ ಬೇಕೇ ಎಂದು ಕೇಳುವ ಅಪರಿಚಿತ ಹುಡುಗಿಯನ್ನೂ "ಊಟ ಆಯ್ತೇನವ್ವಾ?" ಎಂದು ವಿಚಾರಿಸದೆ ಬಿಡುವುದಿಲ್ಲ. ಸ್ನಾನಕ್ಕೆ ಹೋದರೆ ಫೋನು ಬಚ್ಚಲ ಕಿಟಕಿಯಲ್ಲಿ. ಪೂಜೆಗೆ ಕೂತರೆ ಆಂಜನೇಯನ ಪಟದ ಪಕ್ಕದಲ್ಲೇ, ಹೀಗಾಗಿ ದಿನಾ ಒಂದೆರಡು ಹೂವು ಅದರ ಮೇಲೂ ಬೀಳುತ್ತವೆ. "ಇನ್ನೂ ಎಷ್ಟು ದಿನಾನಣ್ಣಾ?" ಎಂದು ಟೀ ಅಂಗಡಿಯ ಭಾಗ್ಯಮ್ಮ ಕೇಳಿದರೆ, "ದೇವ್ರಿಗೆ ಗೊತ್ತು ಕಣವ್ವಾ, ನಂಗ್ಯಾಕೆ ಆತುರ?" ಎನ್ನುತ್ತಾರೆ, ಕಣ್ಣು ಮಾತ್ರ ಫೋನಿನ ಮೇಲೆ. ಆದರೆ ಕಳೆದ ಶ್ರಾವಣದ ಒಂದು ಮಧ್ಯಾಹ್ನ, ತುಮಕೂರು ಹೆದ್ದಾರಿಯಲ್ಲಿ ಆಂಬುಲೆನ್ಸೊಂದು ಕೂಗಿಕೊಂಡು ಹೋದಾಗ, ಅವರ ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು. ತಾನು ಕಾಯುತ್ತಿರುವುದು ಯಾರದೋ ಮನೆಯ ಸಾವಿಗೆ ಎಂದು ಹೊಳೆದು ಕೈ ಹಿಂದಕ್ಕೆಳೆದುಕೊಂಡರು. ಅಂದಿನಿಂದ ಆ ಸದ್ದು ಕೇಳಿದರೆ ಸಾಕು, ಬರೆಯುವುದನ್ನು ಬಿಟ್ಟು ಎದ್ದು ನಿಂತು ಕೈಮುಗಿಯುತ್ತಾರೆ: "ಅವ್ರನ್ನ ಉಳ್ಸಪ್ಪಾ. ನಾನು ಕಾಯ್ತೀನಿ."